ಮೇಪೋಲ್ ಕುಣಿತಕ್ಕೂ ಜಡೆ ಕೋಲಾಟಕ್ಕೂ ನಂಟಿದೆಯೇ?

ಪ್ರಶ್ನೆ: ಮಗಳ ಇಂಗ್ಲಿಷ್ ಪಾಠದಲ್ಲಿ ಮೇಪೋಲ್ ಕುಣಿತದ ಚಿತ್ರವಿದೆ. ಕಂಬದ ತುದಿಯಿಂದ ಇಳಿಬಿಟ್ಟ ಬಣ್ಣದ ರಿಬ್ಬನ್‌ಗಳನ್ನು ಹಿಡಿದು ಮಕ್ಕಳು ಸುತ್ತುತ್ತಿದ್ದಾರೆ. ನಮ್ಮಜ್ಜಿಯ ಊರಿನ ಜಾತ್ರೆಯಲ್ಲಿ ನೋಡಿದ್ದ ಜಡೆ ಕೋಲಾಟ ಥೇಟ್ ಹೀಗೇ ಇತ್ತು. ಇದು ಬ್ರಿಟಿಷರಿಂದ ಬಂದದ್ದೇ? ನಮ್ಮಲ್ಲೂ ವಸಂತದಲ್ಲಿ ಕಂಬ ನೆಡುವ ರೂಢಿ ಇದೆಯೇ?
– ಓದುಗರೊಬ್ಬರು, ಶ್ರೀರಾಂಪುರ, ಬೆಂಗಳೂರು

ಉತ್ತರ: ಬ್ರಿಟಿಷರಿಂದ ಬಂತೆನ್ನಲು ಆಧಾರವಿಲ್ಲ. ಅವರ ಕಂಬಕ್ಕೇ ರಿಬ್ಬನ್ ಹೆಣೆಯುವ ಆಟ ಬಂದದ್ದು ಬಹಳ ತಡವಾಗಿ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಮೇ 1ರ ಹಬ್ಬಕ್ಕೆ ಕಾಡಿನಿಂದ ಉದ್ದನೆಯ ಮರ ಕಡಿದು ತಂದು, ಸೊಪ್ಪು ಹೂವಿನಿಂದ ಸಿಂಗರಿಸಿ ನಡುಬಯಲಲ್ಲಿ ನೆಟ್ಟು, ಅದರ ಸುತ್ತ ಕೈಕೈ ಹಿಡಿದು ಕುಣಿಯುತ್ತಿದ್ದರು. ಮಡಿವಂತ ಪ್ಯೂರಿಟನ್ನರಿಗೆ ಇದು ಸರಿಬರಲಿಲ್ಲ. 1644ರಲ್ಲಿ ಪಾರ್ಲಿಮೆಂಟು ಮೇಪೋಲ್‌ಗಳನ್ನೆಲ್ಲ ಕೆಡವಲು ಆಜ್ಞೆ ಮಾಡಿತು. ಎರಡನೇ ಚಾರ್ಲ್ಸ್ ಪಟ್ಟಕ್ಕೆ ಮರಳಿದ ಮೇಲೆ, 1661ರಲ್ಲಿ, ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ 134 ಅಡಿ ಎತ್ತರದ ಕಂಬ ಎದ್ದಿತು. ರಿಬ್ಬನ್ ಹೆಣೆಯುವ ಕುಣಿತ ಮನೆಮಾತಾದದ್ದು 19ನೇ ಶತಮಾನದಲ್ಲಿ, ಮೊದಲು ನಾಟಕದ ರಂಗದಿಂದ, ಆಮೇಲೆ ಶಾಲೆಗಳಿಂದ. 1881ರಲ್ಲಿ ಜಾನ್ ರಸ್ಕಿನ್‌ರ ಉತ್ತೇಜನದಿಂದ ವೈಟ್‌ಲ್ಯಾಂಡ್ಸ್ ಎಂಬ ಶಿಕ್ಷಕಿಯರ ತರಬೇತಿ ಕಾಲೇಜಿನಲ್ಲಿ ‘ಮೇ ರಾಣಿ’ಯ ಉತ್ಸವ ಶುರುವಾಯಿತು. ಅಲ್ಲಿ ಕಲಿತವರು ಪಾಠ ಹೇಳಲು ಹೋದ ಊರುಗಳಿಗೂ ಮೇ ಹಬ್ಬದ ಸಡಗರವನ್ನು ಕೊಂಡೊಯ್ದರು. ನಿಮ್ಮ ಮಗಳ ಪುಸ್ತಕದ ಚಿತ್ರ ಈ ಶಾಲಾ ಮೇಪೋಲ್‌ನದು.

ಇನ್ನು ನಮ್ಮ ಜಡೆ ಕೋಲಾಟ. ಚಪ್ಪರದ ತೊಲೆಗೋ ಮರದ ಕೊಂಬೆಗೋ ಕಂಬದ ತುದಿಗೋ ಬಣ್ಣಬಣ್ಣದ ಹಗ್ಗ ಅಥವಾ ಬಟ್ಟೆಯ ಪಟ್ಟಿಗಳನ್ನು ಕಟ್ಟಿ ಇಳಿಬಿಡುತ್ತಾರೆ. ಆಡುವವರು ಯಾವಾಗಲೂ ಸಮಸಂಖ್ಯೆ: ಎಂಟು, ಹನ್ನೆರಡು, ಹದಿನಾರು. ಒಂದು ಕೈಯಲ್ಲಿ ಹಗ್ಗದ ತುದಿ, ಇನ್ನೊಂದರಲ್ಲಿ ಕೋಲು. ಅರ್ಧ ಮಂದಿ ಬಲಸುತ್ತು, ಉಳಿದರ್ಧ ಎಡಸುತ್ತು. ಎದುರಾದ ಮೊದಲನೆಯವರನ್ನು ಹೊರಗಿನಿಂದ ದಾಟಿದರೆ ಎರಡನೆಯವರನ್ನು ಒಳಗಿನಿಂದ ದಾಟಬೇಕು. ದಾಟುವಾಗ ಕೋಲಿಗೆ ಕೋಲು ತಾಗಿಸಬೇಕು. ಜಡೆ ಇಳಿದಂತೆಲ್ಲ ಕೈಯಲ್ಲಿರುವ ಹಗ್ಗ ಗಿಡ್ಡವಾಗಿ ವೃತ್ತ ಕಿರಿದಾಗುತ್ತದೆ, ಭುಜಕ್ಕೆ ಭುಜ ತಾಗುತ್ತದೆ. ಆಗ ಎಲ್ಲರೂ ಹಿಂದಿರುಗಿ, ಬಂದ ಹೆಜ್ಜೆಗಳನ್ನೇ ತಿರುವುಮುರುವಾಗಿ ಹಾಕಿ ಜಡೆ ಬಿಚ್ಚುತ್ತಾರೆ. ನಿಜವಾದ ಪರೀಕ್ಷೆ ಈ ಬಿಚ್ಚುವುದರಲ್ಲಿದೆ. ಒಬ್ಬರು ಒಳಹೊರಗು ತಪ್ಪಿಸಿದರೂ ಹಗ್ಗ ಗಂಟು ಬೀಳುತ್ತದೆ, ಇಡೀ ಮೇಳ ನಿಲ್ಲುತ್ತದೆ.

ನಡುವೆ ಕಂಬವಿದ್ದರೆ ಹೆಣಿಗೆ ಕಂಬದ ಮೈಗೆ ಬಲೆಯಂತೆ ಸುತ್ತಿಕೊಳ್ಳುತ್ತದೆ, ನಡುವೆ ಏನೂ ಇಲ್ಲದಿದ್ದರೆ ಗಟ್ಟಿ ಜಡೆಯಾಗಿ ಇಳಿಯುತ್ತದೆ. ಹಗ್ಗದ ಲೆಕ್ಕ ಎಲ್ಲಿ ಹೋದರೂ ಒಂದೇ. ಹಾಗಾಗಿಯೇ ಸ್ಪೇನ್, ಮೆಕ್ಸಿಕೊಗಳಲ್ಲೂ ಇಂಥ ಕುಣಿತಗಳಿವೆ. ಅಷ್ಟು ದೂರವೇಕೆ, ನಿಮ್ಮ ಶ್ರೀರಾಂಪುರದ ತಮಿಳು ಮನೆಗಳಲ್ಲಿ ಕೇಳಿ, ‘ಪಿನ್ನಲ್ ಕೋಲಾಟ್ಟಂ’ ಎನ್ನುತ್ತಾರೆ. ತೆಲುಗರು ‘ಜಡ ಕೋಲಾಟಂ’ ಎನ್ನುತ್ತಾರೆ. ಬರಿಯ ಕೋಲಾಟವಂತೂ ಹಳೆಯದು. ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯ ಉಬ್ಬುಶಿಲ್ಪಗಳಲ್ಲಿ ಕೋಲು ಹಿಡಿದ ಹೆಂಗಸರ ಸಾಲನ್ನು ನೋಡಬಹುದು.

ವಸಂತದ ಮಾತಿಗೆ ಬಂದರೆ, ನಮ್ಮ ಕಡೆ ಜಡೆ ಕೋಲಾಟಕ್ಕೆ ಋತುವಿನ ಕಟ್ಟಿಲ್ಲ. ಜಾತ್ರೆ, ದಸರಾ, ಊರಹಬ್ಬ ಯಾವುದಕ್ಕೂ ಆದೀತು. ಗೋವೆಯ ಗೋಫ್ ಕುಣಿತದಲ್ಲಿ ಮಾತ್ರ ಹೆಣಿಗೆ ಮತ್ತು ವಸಂತ ಒಟ್ಟಿಗಿವೆ: ರೈತರು ಫಾಲ್ಗುಣದ ಶಿಗ್ಮೊ ಹಬ್ಬದಲ್ಲಿ ಹಗ್ಗ ಹೆಣೆದು ಕುಣಿಯುತ್ತಾರೆ. ಗಡಿಯ ಈಚೆ, ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರು ಅದೇ ಹೋಳಿಯ ಹೊತ್ತಿಗೆ ಬಣ್ಣದ ತುರಾಯಿ ತಲೆಗೇರಿಸಿ, ಮನೆಮನೆಯ ಅಂಗಳದಲ್ಲಿ ಸುಗ್ಗಿ ಕುಣಿಯುತ್ತಾರೆ. ಅಲ್ಲಿ ಹಗ್ಗವಿಲ್ಲ, ವಸಂತವಿದೆ.

ಕಂಬ ಏರಿಸುವ ರೂಢಿಯೂ ಉಂಟು. ಯುಗಾದಿಯಂದು ಬೆಳಗಾವಿ ಕಡೆಯ ಮರಾಠಿ ಮನೆಗಳ ಮುಂದೆ ಬಿದಿರಿನ ಕೋಲಿಗೆ ಹೊಸ ಬಟ್ಟೆ, ಬೇವಿನ ಸೊಪ್ಪು ಕಟ್ಟಿ, ಮೇಲೆ ತಂಬಿಗೆ ಬೋರಲು ಹಾಕಿ ‘ಗುಡಿ’ ನಿಲ್ಲಿಸುತ್ತಾರೆ. ನಿಮ್ಮ ಬೆಂಗಳೂರಿನಲ್ಲೇ, ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದ ಕರಗ ಶುರುವಾಗುವುದು ಧ್ವಜಾರೋಹಣದಿಂದ. ಕರಗ ಹೊರಡುವುದು ಚೈತ್ರ ಹುಣ್ಣಿಮೆಯ ರಾತ್ರಿ. ಇವೆರಡೂ ದೇವರ ಕಾರ್ಯದ ಕಂಬಗಳು, ಸುತ್ತ ಹೆಣೆದು ಆಡುವುದಕ್ಕಲ್ಲ.

ಒಟ್ಟಿನಲ್ಲಿ, ವಸಂತಕ್ಕೆ ಕಂಬ ಏರಿಸುವುದು ಬೇರೆ, ಹಗ್ಗ ಹೆಣೆದು ಕುಣಿಯುವುದು ಬೇರೆ. ಇಂಗ್ಲೆಂಡಿನಲ್ಲಿ ಇವೆರಡೂ ಕೂಡಿಕೊಂಡವು. ನಮ್ಮಲ್ಲಿ ಬೇರೆಬೇರೆಯಾಗಿಯೇ ಉಳಿದವು. ಮಗಳಿಗೆ ಓದಿ ಹೇಳಿದರಷ್ಟೇ ಸಾಲದು. ಬೀದಿಯ ಎಂಟು ಮಕ್ಕಳನ್ನು ಸೇರಿಸಿ, ಮರದ ಕೊಂಬೆಗೆ ಎರಡು ಬಣ್ಣದ ಎಂಟು ಹಗ್ಗ ಕಟ್ಟಿಕೊಡಿ. ಬಲಕ್ಕೆ ಹೋಗುವವರಿಗೆ ಒಂದು ಬಣ್ಣ, ಎಡಕ್ಕೆ ಹೋಗುವವರಿಗೆ ಇನ್ನೊಂದು. ಕೋಲು ಆಮೇಲೆ ಇರಲಿ, ಮೊದಲು ಹೆಜ್ಜೆ ಕಲಿಯಲಿ.