ಖಾಲಿ ಶೆಡ್ಡಿಗೆ ಕುರಿ ತುಂಬುವ ಮುಂಚೆ

ತಮ್ಮಾ, ಊರಿಗೆ ಮರಳಿ ಕುರಿ, ಎಮ್ಮೆ ಸಾಕುತ್ತೇನೆ ಅಂದದ್ದಕ್ಕೆ ನನ್ನದೇನೂ ಅಡ್ಡಿ ಇಲ್ಲ. ಮೊದಲ ಕೆಲಸವೆಂದು ಸಾಲ ತೆಗೆದು ಹೊಸ ಶೆಡ್ಡು ಕಟ್ಟಿಸಲು ಹೊರಟೆಯಲ್ಲ, ತಕರಾರು ಅದಕ್ಕೆ. ಕಬ್ಬಿಣದ ಕಂಬ, ಬಣ್ಣದ ತಗಡು, ಮುಂದೆ ಫಾರ್ಮ್ ಎಂಬ ಬೋರ್ಡು, ಎಲ್ಲ ಚಂದವೇ. ಆದರೆ ಕುರಿ ಈದಿತೋ ಇಲ್ಲವೋ ಎಂದು ಕೇಳಿಕೊಂಡು ಸಾಲದ ಕಂತು ಬರುವುದಿಲ್ಲ.

ನಮ್ಮ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಸುತ್ತಮುತ್ತ ಒಂದು ಸಲ ಬಿಡುವಾಗಿ ತಿರುಗಾಡು. ಹೊಲದೊಳಗೆ ಬೀಗ ಜಡಿದು ನಿಂತ ಕಟ್ಟಡಗಳನ್ನು ನೋಡು. ಒಂದೊಂದು ಬೆಳೆ, ಒಂದೊಂದು ಕಸುಬು ಬಂದು ಹೋದ ಗುರುತು ಅವು. ಧಾರವಾಡದ ಡಿಸಿಎಚ್-32 ಹತ್ತಿ ಬಂದ 1980ರ ದಶಕದಲ್ಲಿ, ದರ ಏರುವ ತನಕ ಹತ್ತಿ ತುಂಬಿಡಲು ಕೋಣೆ ಕಟ್ಟಿಸಿದವರು ಬಹಳ. ಆಮೇಲೆ ಗೋವಿನಜೋಳ ಬಂತು. ಕಣದಿಂದಲೇ ಲಾರಿ ಹತ್ತುವ ಮಾಲಿಗೆ ಕೋಣೆ ಯಾಕೆ? ಮೆಣಸಿನಕಾಯಿ ಚೀಲವೂ ಈಗ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ. ರೇಷ್ಮೆ ಬಿಟ್ಟವರ ಹುಳುಮನೆ ಖಾಲಿ. ಕೋಳಿ ಶೆಡ್ಡಿನ ಕತೆ ನಿನಗೂ ನೆನಪಿರಬೇಕು: 2020ರ ಮಾರ್ಚಿನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಸುಳ್ಳು ಹಬ್ಬಿ, ಗೋಕಾಕ ತಾಲ್ಲೂಕಿನಲ್ಲಿ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತ ಹೂಳಿದರು. ಹಾಗೆ ನೆಲಕಚ್ಚಿದ ಸಣ್ಣ ಸಾಕಣೆದಾರರಲ್ಲಿ ಎಲ್ಲರೂ ಮತ್ತೆ ಏಳಲಿಲ್ಲ.

ಇಂಥ ಖಾಲಿ ಕಟ್ಟಡವೊಂದನ್ನು ಬಾಡಿಗೆಗೋ ಕರಾರಿಗೋ ಹಿಡಿ. ಉಳಿದ ದುಡ್ಡನ್ನು ಒಳ್ಳೆಯ ತಳಿಗೆ, ಕಣಕಿ ಬಣವೆಗೆ ಹಾಕು. (ಇಂಗ್ಲೆಂಡಿನಲ್ಲಿ ಹಳೆಯ ಕೊಟ್ಟಿಗೆಗಳನ್ನು ಉಳ್ಳವರು ಲಕ್ಷಗಟ್ಟಲೆ ಸುರಿದು ವಾಸದ ಮನೆ ಮಾಡಿಕೊಳ್ಳುತ್ತಾರಂತೆ. ನಮ್ಮ ಕಡೆ ಆ ಹುಚ್ಚು ಬರುವ ಮುಂಚೆ ದನಗಳಿಗೆ ಒಂದಿಷ್ಟು ಸಿಗಲಿ.)

ಆದರೆ ಯಾವ ಕಟ್ಟಡ ಎಂಬಲ್ಲಿ ಅವಸರ ಬೇಡ. ಗೋಡೆ ಗಟ್ಟಿ ಇದೆಯೇ ಎಂದು ಕೇಳುವ ಮುಂಚೆ, ಒಳಗೆ ಮೊದಲು ಏನಿತ್ತು ಎಂದು ಕೇಳು. ದನಕರು ಉಪ್ಪಿನಂಶಕ್ಕೆ ಗೋಡೆ ನೆಕ್ಕುತ್ತವೆ, ಅದು ಅವುಗಳ ಸ್ವಭಾವ. ಯೂರಿಯಾ ಚೀಲ ಪೇರಿಸಿಟ್ಟ ಗೋದಾಮಿನ ಮೂಲೆಯಲ್ಲಿ ಉದುರಿದ ಕಾಳು, ಗೋಡೆಗೆ ಹತ್ತಿದ ಬಿಳಿ ಪುಡಿ ನಾಲಿಗೆಗೆ ಸಿಕ್ಕರೆ ಹೊಟ್ಟೆಯಲ್ಲಿ ಅಮೋನಿಯಾ ಆಗುತ್ತದೆ; ಹೆಚ್ಚು ಹೋದರೆ ಡಾಕ್ಟರು ಬರುವುದರೊಳಗೆ ದನ ಮುಗಿದಿರುತ್ತದೆ. ಹತ್ತಿಯ ಕಾಲದ ಕೋಣೆಗಳಲ್ಲಿ ಕೀಟನಾಶಕ ಔಷಧದ ಡಬ್ಬಿಗಳೂ ಇರುತ್ತಿದ್ದವು. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲೇ ನಿಲ್ಲಿಸಿತು. ಅಟ್ಟದ ಮೇಲಿನ ಹಳೆಯ ಡಬ್ಬಿಗೆ ಆ ಆದೇಶ ಯಾರು ಓದಿ ಹೇಳಬೇಕು? ಟ್ರ್ಯಾಕ್ಟರಿನ ಸತ್ತ ಬ್ಯಾಟರಿ, ಸುಲಿದು ಬೀಳುವ ಹಳೆಯ ಬಣ್ಣದ ಬಾಗಿಲು ಇದ್ದರೆ ಅವೂ ಹೊರಗೆ ಹೋಗಲಿ. ಅವುಗಳಲ್ಲಿನ ಸೀಸ ಕರುಗಳಿಗೆ ವಿಷ. ಮಣ್ಣಿನ ನೆಲವಾದರೆ ಮೇಲಿನ ಪದರ ಕೆತ್ತಿ ತೆಗೆದು ಹೊಸ ಗರಸು ತುಂಬಿ ಧಮ್ಮಸು ಮಾಡಬೇಕು. ಗೊಬ್ಬರ, ಔಷಧ ವರ್ಷಗಟ್ಟಲೆ ಇಟ್ಟ ಗೋದಾಮು ಬಿಟ್ಟಿ ಸಿಕ್ಕರೂ ಬೇಡ. ಇದರಲ್ಲಿ ನಾನು ರಾಜಿ ಆಗುವವನಲ್ಲ.

ಮೆಣಸಿನಕಾಯಿ ಕೋಣೆ ಅಷ್ಟು ಕೆಟ್ಟದ್ದಲ್ಲ. ಘಾಟು ಹೋಗುವ ತನಕ ಬಾಗಿಲು ತೆರೆದಿಟ್ಟು, ಗುಡಿಸಿ, ತೊಳೆದು, ಸುಣ್ಣ ಬಳಿದರೆ ಸಾಕು. ಗುಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೋ.

ಕುರಿಗೆ ನನ್ನ ಕಣ್ಣಿಗೆ ಎಲ್ಲಕ್ಕಿಂತ ಒಪ್ಪುವುದು ಕೋಳಿ ಶೆಡ್ಡು. ಮೊಣಕಾಲೆತ್ತರದ ಗೋಡೆ, ಅದರ ಮೇಲೆ ಜಾಳಿಗೆ, ಉದ್ದಕ್ಕೆ ಪೂರ್ವ-ಪಶ್ಚಿಮ. ಬಿಸಿಲು ಒಳಗೆ ನುಗ್ಗದು, ಗಾಳಿ ಅಡ್ಡ ಹಾಯುತ್ತದೆ. ಮಳೆಗಾಲದಲ್ಲಿ ಇರಚಲು ಹೊಡೆಯುವ ಬದಿಗೆ ಚೀಲದ ಪರದೆ ಇಳಿಬಿಟ್ಟರೆ ಆಯಿತು. ಆದರೆ ಹಳೆಯ ಹಾಸನ್ನು ಪೂರ್ತಿ ತೆಗೆಯದೆ ಒಂದು ಮರಿಯನ್ನೂ ಒಳಗೆ ಬಿಡಬೇಡ. ಅದರಲ್ಲಿ ಸತ್ತ ಕೋಳಿಯ ಚೂರು ಸೇರಿದ್ದರೆ, ಅದನ್ನು ತಿಂದ ದನಕ್ಕೆ ಕಾಲು ಬಿದ್ದುಹೋಗುವ ಬೊಟುಲಿಸಂ ಬರಬಹುದು. ಕೋಳಿ ಆಹಾರದಲ್ಲಿ ತಾಮ್ರದ ಅಂಶವೂ ಇರುತ್ತದೆ. ದನ ತಡೆದುಕೊಳ್ಳುವಷ್ಟು ತಾಮ್ರವನ್ನು ಕುರಿ ತಡೆಯದು, ಯಕೃತ್ತಿನಲ್ಲಿ ಕೂಡಿಟ್ಟುಕೊಂಡು ಒಂದು ದಿನ ದಿಢೀರನೆ ಸಾಯುತ್ತದೆ. ಅದಕ್ಕೇ ದನದ ಖನಿಜ ಪುಡಿಯನ್ನೂ ಕುರಿಗೆ ಹಾಕಬಾರದು.

ಹುಳುಮನೆಯದು ತಿರುಗುಮುರುಗು. 1980ರಲ್ಲಿ ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ರೇಷ್ಮೆಯವರು ಕಿಟಕಿ, ಬಾಗಿಲಿಗೆಲ್ಲ ಬಲೆ ಹೊಡೆದು ಬಂದೋಬಸ್ತು ಮಾಡಿದರು. ಒಳಗಿನ ಹದ ಹೊರಗೆ ಹೋಗಬಾರದು ಎಂದು ಕಟ್ಟಿದ ಮನೆ ಅದು. ದನ ಮಾತ್ರ ಬಿಸಿ ಉಸಿರು, ಗಂಜಲ, ಸೆಗಣಿಯ ಆವಿಯನ್ನು ಹಗಲಿರುಳು ಬಿಡುತ್ತಲೇ ಇರುತ್ತದೆ. ಆದ್ದರಿಂದ ಎದುರುಬದುರು ಗೋಡೆಗಳಲ್ಲಿ ಕಿಂಡಿ ಒಡೆಸು, ಮೇಲೆ ಹೊಗೆ ಹೋಗುವಂಥ ಸಂದು ಬಿಡಿಸು. ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಯಂತ್ರ ಬೇಡ: ಬೆಳಗಿನ ಜಾವ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ ಕುರಿಯ ಮೂಗಿನ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂಡು. ಕಣ್ಣು ಉರಿದರೆ ಇನ್ನೂ ಎರಡು ಕಿಂಡಿ ಬೇಕು.

ಊರೊಳಗಿನ ಹಳೆಯ ಮೇಲ್ಮುದ್ದೆ ಮನೆಯನ್ನು ಕೊಟ್ಟಿಗೆ ಮಾಡುವ ಆಸೆಯೂ ನಿನಗಿದೆ ಎಂದು ಕೇಳಿದೆ. ಅದರಲ್ಲಿ ಹೊಸದೇನಿಲ್ಲ. ನಮ್ಮ ಹಿರಿಯರ ಮನೆಗಳಲ್ಲಿ ಬಾಗಿಲು ದಾಟಿದರೆ ಎತ್ತು, ಆಕಳು, ಗೋದಲಿ. ಮೆಟ್ಟಿಲು ಹತ್ತಿದರೆ ಪಡಸಾಲೆಯಲ್ಲಿ ಮನುಷ್ಯರು. ಒಂದೇ ಸೂರು. ಆದರೆ ದಿನಾ ಮನುಷ್ಯರ ಕಣ್ಣು ಬೀಳುತ್ತಿದ್ದ ಮನೆ ಬೇರೆ, ಹತ್ತು ವರ್ಷ ಬೀಗ ಬಿದ್ದ ಮನೆ ಬೇರೆ. 2019ರ ಆಗಸ್ಟ್ ಮಳೆಗೆ ನಮ್ಮ ಜಿಲ್ಲೆಯಲ್ಲಿ ಮಣ್ಣಿನ ಗೋಡೆಗಳು ಸಾಲುಸಾಲಾಗಿ ಬಿದ್ದವು. ಎರೆ ನೆಲದ ಮೇಲಿನ ಗೋಡೆಯಂತೂ ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ. ಗೋಡೆಯ ಬುಡ ನೆನೆದಿದೆಯೇ, ತೊಲೆಗೆ ಗೆದ್ದಲು ಹತ್ತಿದೆಯೇ ಎಂದು ಒಬ್ಬ ಅನುಭವಿ ಗೌಂಡಿಯಿಂದ ನೋಡಿಸದೆ ಅದರೊಳಗೆ ಕರು ಕಟ್ಟಬೇಡ.

ಇನ್ನು ಎಷ್ಟು ಪ್ರಾಣಿ? ಇಲ್ಲಿಯೇ ಹುಡುಗರು ಆಸೆಗೆ ಬೀಳುವುದು. ಸೂರಿನ ಕೆಳಗೆ ಆಕಳಿಗೆ ಮೂರೂವರೆ ಚದರ ಮೀಟರ್, ಎಮ್ಮೆಗೆ 4, ಕುರಿಗೆ 1 ಎಂದು ಪಶುಸಂಗೋಪನೆಯವರ ಲೆಕ್ಕ. ಹೊರಗೆ ತಿರುಗಾಡಲು ಅದರ ಎರಡು ಪಟ್ಟು ಬಯಲು. 20 ಅಡಿ ಅಗಲ, 50 ಅಡಿ ಉದ್ದದ ಹುಳುಮನೆಯಲ್ಲಿ ಕಾಗದದ ಮೇಲೆ 90 ಕುರಿ ಹಿಡಿಸುತ್ತವೆ. ಗೋದಲಿ, ಓಡಾಡುವ ದಾರಿ, ಈಯುವ ಕುರಿಗೊಂದು ಮೂಲೆ ತೆಗೆದು ನೋಡು, 60ಕ್ಕೆ ಇಳಿಯುತ್ತದೆ. ಅದನ್ನೂ ಒಮ್ಮೆಗೇ ತುಂಬಬೇಡ. ಶೆಡ್ಡು ದೊಡ್ಡದಿದೆ ಎಂಬುದು ಹಿಂಡು ದೊಡ್ಡದಿರಲು ಕಾರಣವಾಗಬಾರದು. ಎಷ್ಟು ಎಂಬುದನ್ನು ನಿನ್ನ ಮೇವು ಹೇಳಲಿ. ಸಂತೆಯಿಂದ ತಂದದ್ದನ್ನು ಎರಡು ಮೂರು ವಾರ ಬೇರೆ ಕಡೆ ಕಟ್ಟು. 2022ರಲ್ಲಿ ಚರ್ಮಗಂಟು ರೋಗ ಹಾವೇರಿ ಜಿಲ್ಲೆಯ ದನಗಳನ್ನು ಹೇಗೆ ಹಣ್ಣು ಮಾಡಿತು ಎಂಬುದನ್ನು ಊರಲ್ಲಿ ಯಾರನ್ನಾದರೂ ಕೇಳು. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ರೋಗ ಅದು. ಹಳೆಯ ಗೋಡೆಯ ಬಿರುಕುಗಳು ಉಣ್ಣೆಯ ತವರು, ಮೆತ್ತಿಸು. ನೆಲ 40 ಅಡಿಗೆ ಒಂದು ಅಡಿಯಷ್ಟು ಇಳಿಜಾರಾಗಿದ್ದರೆ ಗಂಜಲ ತಾನೇ ಹರಿದು ತಿಪ್ಪೆ ಸೇರುತ್ತದೆ.

ಕರೆಂಟಿನ ಮಾತು ಒಂದಿದೆ. ಹೊಲದ ಕಟ್ಟಡ ಎಂದರೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಅದರ ಗೋಡೆಯ ಮೇಲೇ ಇರುತ್ತದೆ, ವೈರನ್ನು ಇಲಿ ಕಡಿದಿರುತ್ತದೆ. ಚಪ್ಪಲಿ ಹಾಕಿದ ಮನುಷ್ಯನಿಗೆ ಜುಮ್ಮೆನ್ನುವಷ್ಟು ಕರೆಂಟು, ಹಸಿ ನೆಲದ ಮೇಲೆ ನಾಲ್ಕೂ ಕಾಲೂರಿ ನಿಂತ ಎಮ್ಮೆಯನ್ನು ಕೆಡವುತ್ತದೆ. ಸ್ಟಾರ್ಟರ್ ಹೊರಗೆ ಹೋಗಲಿ. ಒಳಗಿನ ಬಲ್ಬಿನ ವೈರು ಪೈಪಿನೊಳಗಿರಲಿ, ಅದಕ್ಕೆ ಅರ್ಥಿಂಗ್ ಇರಲಿ.

ರಾಣೇಬೆನ್ನೂರು ದಾರಿಯ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಕಟ್ಟಡದ ಉದ್ದಗಲ, ದಿಕ್ಕು, ಕಿಟಕಿ ಬರೆದುಕೊಂಡು ಅಲ್ಲಿಗೆ ಹೋಗು. ಪಶು ಆಸ್ಪತ್ರೆಯ ಡಾಕ್ಟರನ್ನು ಕುರಿ ಕೆಮ್ಮಿದ ಮೇಲೆ ಕರೆಯುವ ಬದಲು, ಕುರಿ ತರುವ ಮುಂಚೆ ಖಾಲಿ ಶೆಡ್ಡು ನೋಡಲು ಕರೆ. ಕಟ್ಟಡದ ಮಾಲೀಕ ಕಾಕಾನೇ ಇರಲಿ, ಮಾವನೇ ಇರಲಿ, ಬಾಯಿಮಾತಿನಲ್ಲಿ ಬಿಡದೆ ಕಾಗದದ ಮೇಲೆ ಬರೆಸು: ಎಷ್ಟು ವರ್ಷ, ರಿಪೇರಿ ಖರ್ಚು ಯಾರದು, ನೀನು ಒಡೆಸಿದ ಕಿಂಡಿಗೆ ಆಮೇಲೆ ತಕರಾರು ಇಲ್ಲ ಎಂದು. ಗೊಬ್ಬರ ಯಾರ ಹೊಲಕ್ಕೆ ಎಂಬುದನ್ನೂ ಮರೆಯದೆ ಬರೆಸಿಕೋ, ಜಗಳ ಬರುವುದು ಹೆಚ್ಚಾಗಿ ಅದಕ್ಕೇ.