ಪ್ರಯೋಗ ವರದಿಯನ್ನು ಬರೆಯುವ ಬಗೆ

ನಮ್ಮ ಮೈಂದರ್ಗಿಯಂಥ ಊರಿನ ಕನ್ನಡ ಶಾಲೆಯಲ್ಲಿ ಕಲಿತು ಸೋಲಾಪುರಕ್ಕೋ ಪುಣೆಗೋ ಇಂಜಿನಿಯರಿಂಗ್ ಓದಲು ಹೋಗುವ ವಿದ್ಯಾರ್ಥಿಗೆ ಮೊದಲ ತಿಂಗಳಿನಲ್ಲಿಯೇ ಎದುರಾಗುವ ಕೆಲಸವೆಂದರೆ ಪ್ರಯೋಗ ವರದಿ. ಪ್ರಯೋಗಶಾಲೆಯಲ್ಲಿ ಮಾಡಿದುದನ್ನು ಜರ್ನಲ್ಲಿನಲ್ಲಿ ಬರೆದು ಅಧ್ಯಾಪಕರ ಸಹಿ ಪಡೆಯಬೇಕು, ಅದೂ ಇಂಗ್ಲಿಷಿನಲ್ಲಿ. ಭಾಷೆಯ ಅಂಜಿಕೆಯಿಂದ ಕೆಲವರು ಹಿಂದಿನ ವರ್ಷದವರ ಜರ್ನಲ್ಲನ್ನು ತಂದು ಅಂಕಿಗಳ ಸಮೇತ ನಕಲು ಮಾಡಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಭಾಷೆ ಇಲ್ಲಿ ದೊಡ್ಡ ತೊಡಕೇ ಅಲ್ಲ. ವರದಿಯ ವಾಕ್ಯಗಳು ಚಿಕ್ಕವು. ಪದಗಳು ಮರಳಿ ಮರಳಿ ಬರುವಂಥವು. ಮೊದಲು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದುಕೊಂಡವನಿಗೆ ಇಂಗ್ಲಿಷು ತಡವಾಗಿಯಾದರೂ ಒಲಿಯುತ್ತದೆ. ಕಂಡುದನ್ನು ಕಂಡಂತೆ ಬರೆಯುವುದು ಮಾತ್ರ ನಿಜವಾಗಿ ಕಠಿಣ.

ಪಾಲಕರೆಲ್ಲರೂ ಪಂಚನಾಮೆಯನ್ನು ಬಲ್ಲರು. ಅತಿವೃಷ್ಟಿಯಿಂದ ತೊಗರಿ ಹಾಳಾದಾಗ ಹೊಲ ಯಾವುದು, ಎಷ್ಟು ಗುಂಟೆ, ಯಾವ ದಿನ, ಯಾರ ಸಮಕ್ಷಮ ಎಂಬುದನ್ನು ಅದರಲ್ಲಿ ಬರೆಯುತ್ತಾರೆ. ರೈತನ ದುಃಖಕ್ಕಾಗಲಿ ಬರೆಯುವವನ ಊಹೆಗಾಗಲಿ ಅಲ್ಲಿ ಎಡೆಯಿಲ್ಲ. ಪ್ರಯೋಗ ವರದಿಯೂ ಇದೇ ಜಾತಿಯ ಬರಹ. ಉದ್ದೇಶ, ಉಪಕರಣ, ತತ್ತ್ವ, ವಿಧಾನ, ವೀಕ್ಷಣೆ, ಲೆಕ್ಕ, ಫಲಿತಾಂಶ, ಚರ್ಚೆ ಎಂಬ ಅನುಕ್ರಮವು ಹೆಚ್ಚುಕಡಿಮೆ ಎಲ್ಲ ಕಡೆಗೂ ಒಂದೇ.

ಉದಾಹರಣೆಗೆ ಕಾಂಕ್ರೀಟಿನ ಪರೀಕ್ಷೆಯನ್ನು ತೆಗೆದುಕೊಳ್ಳೋಣ. ಸಿಮೆಂಟು, ಉಸುಕು, ಖಡಿ, ನೀರುಗಳನ್ನು ಕಲಸಿ, 15 ಸೆಂಟಿಮೀಟರಿನ ಘನಗಳನ್ನು ಅಚ್ಚಿನಲ್ಲಿ ತುಂಬಿ, 28 ದಿನಗಳ ತನಕ ನೆನೆಸಿ, ಬಳಿಕ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ‘ಘನವನ್ನು ಸರಿಯಾಗಿ ಇಡಲಾಯಿತು’ ಎಂದು ಬರೆದರೆ ಓದುವವನಿಗೆ ಏನೂ ತಿಳಿಯದು. ಕರಣೆಯಿಂದ ಸವರಿದ ಮೇಲ್ಮುಖ ಒರಟಾಗಿರುತ್ತದೆ. ಆದುದರಿಂದ ಅಚ್ಚಿನ ಪಕ್ಕಗಳಿಗೆ ತಗುಲಿದ್ದ ನುಣುಪಾದ ಮುಖಗಳ ಮೇಲೆ ಭಾರ ಬೀಳುವಂತೆ ಅದನ್ನು ಮಗ್ಗುಲಾಗಿ ಇಡಲಾಯಿತೆಂದು ಬರೆಯತಕ್ಕದ್ದು. ‘ಸ್ವಲ್ಪ’, ‘ಚೆನ್ನಾಗಿ’ ಎಂಬ ಮಾತುಗಳು ಬೀಗರಿಗೆ ಬರೆಯುವ ಪತ್ರದಲ್ಲಿ ಶೋಭಿಸುತ್ತವೆ.

ಇನ್ನು ವೀಕ್ಷಣೆ. ಮೂರು ಘನಗಳು 480, 470, 340 ಕಿಲೋನ್ಯೂಟನ್ ಭಾರಕ್ಕೆ ಒಡೆದುವೆಂದು ತಿಳಿಯಿರಿ. ಮುಖದ ಕ್ಷೇತ್ರಫಲ 22,500 ಚದರ ಮಿಲಿಮೀಟರ್. ಭಾಗಿಸಿದರೆ ಚದರ ಮಿಲಿಮೀಟರಿಗೆ ಕ್ರಮವಾಗಿ 21.3, 20.9, 15.1 ನ್ಯೂಟನ್, ಸರಾಸರಿ 19.1. ಬೇಕಾಗಿದ್ದುದು 20. ಮೂರನೆಯ ಅಂಕಿಯನ್ನು 440 ಎಂದು ತಿದ್ದಿಬಿಟ್ಟರೆ ಸರಾಸರಿ 20.6 ಆಗಿ, ಪುಟ ಅಂದವಾಗುತ್ತದೆ. ಆದರೆ ಭಾರತೀಯ ಮಾನಕ 516ರ ಪ್ರಕಾರ ಯಾವುದೇ ಒಂದು ಘನದ ಬಲವು ಸರಾಸರಿಗಿಂತ ನೂರಕ್ಕೆ 15ಕ್ಕೂ ಮೀರಿ ಬೇರೆಯಾದರೆ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಇಲ್ಲಿ ಅಂತರ ನೂರಕ್ಕೆ 21. ಎಚ್ಚರಿಕೆ ಕೊಡಬಂದ ಅಂಕಿಯನ್ನೇ ಅಳಿಸಿದಂತಾಗಲಿಲ್ಲವೆ? 340 ಎಂದೇ ಬರೆಯಿರಿ. ಒಡೆದ ಘನದೊಳಗೆ ಖಡಿಗಳ ನಡುವೆ ಟೊಳ್ಳು ಕಂಡಿದ್ದರೆ ಚರ್ಚೆಯಲ್ಲಿ ತಿಳಿಸಿರಿ. ಕಾಣದಿದ್ದರೆ ಕಾರಣವನ್ನು ಕಟ್ಟಬೇಡಿರಿ. ಮುಂದೆ ಸೇತುವೆಯ ಕಾಂಕ್ರೀಟಿನ ಪರೀಕ್ಷೆಗೆ ಸಹಿ ಹಾಕುವವರು ಇದೇ ವಿದ್ಯಾರ್ಥಿಗಳು. ಅದರ ಮೇಲೆ ಬಸ್ಸಿನಲ್ಲಿ ಕುಳಿತು ಹೋಗುವವರು ನಾವು.

ಹೊಂದದ ಅಂಕಿಯನ್ನು ಉಳಿಸಿಕೊಂಡವರಿಗೆ ದೊರೆತ ಫಲಕ್ಕೂ ನಿದರ್ಶನವುಂಟು. ಇಂಗ್ಲೆಂಡಿನ ಲಾರ್ಡ್ ರೇಲಿಯವರು ಒಂದೇ ಗಾಜಿನ ಗೋಳದಲ್ಲಿ ಸಾರಜನಕವನ್ನು ತುಂಬಿ ತೂಗಿದಾಗ, ಗಾಳಿಯಿಂದ ತೆಗೆದುದು ಸುಮಾರು 2.310 ಗ್ರಾಂ, ರಾಸಾಯನಿಕಗಳಿಂದ ತೆಗೆದುದು 2.299 ಗ್ರಾಂ ಬಂದಿತು. ಇನ್ನೂರರಲ್ಲಿ ಒಂದು ಪಾಲಿನ ವ್ಯತ್ಯಾಸ! ಅವರು ಅದನ್ನು ಮುಚ್ಚಿಡಲಿಲ್ಲ. ಇಂಥ ವ್ಯತ್ಯಾಸ ಮೊದಲು ಕಂಡಾಗಲೇ, 1892ರಲ್ಲಿ, ಪತ್ರಿಕೆಯಲ್ಲಿ ಪ್ರಕಟಿಸಿ, ಕಾರಣ ತಿಳಿದವರು ಹೇಳಬೇಕೆಂದು ಕೇಳಿಕೊಂಡರು. ವಿಲಿಯಂ ರಾಮ್ಸೆಯವರು ಜೊತೆಗೂಡಿದರು. ಗಾಳಿಯಲ್ಲಿ ಅಡಗಿದ್ದ ಆರ್ಗಾನ್ ಎಂಬ ಹೊಸ ಅನಿಲ 1894ರಲ್ಲಿ ಬೆಳಕಿಗೆ ಬಂದಿತು. 1904ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ತಾತಾ ಅವರ ವಿಜ್ಞಾನ ಸಂಸ್ಥೆಗೆ ಬೆಂಗಳೂರು ತಕ್ಕ ಸ್ಥಳವೆಂದು ಸೂಚಿಸಿದವರೂ ಇದೇ ರಾಮ್ಸೆಯವರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ವಿದ್ಯಾರ್ಥಿಗಳೇ, ಕಾಲೇಜಿನ ತನಕ ಕಾಯಬೇಕಾಗಿಲ್ಲ. ದಾರಕ್ಕೆ ಚಿಕ್ಕ ಕಲ್ಲೊಂದನ್ನು ಕಟ್ಟಿ, ಗಂಟಿನಿಂದ ಕಲ್ಲಿನ ನಡುವಿನ ವರೆಗೆ 1 ಮೀಟರ್ ಅಳೆದು, ತೂಗುಬಿಟ್ಟು, ಸಣ್ಣಗೆ ತೂಗಿಸಿ, 20 ತೂಗುಗಳಿಗೆ ಹಿಡಿದ ಕಾಲವನ್ನು ಐದು ಸಲ ಬರೆಯಿರಿ. ಹೋಗಿ ಮರಳಿ ಬಂದರೆ ಒಂದು ತೂಗು. ಎಷ್ಟು ಸೆಕೆಂಡು ಬರುತ್ತದೆಂದು ನಾನು ಬೇಕೆಂದೇ ಇಲ್ಲಿ ಹೇಳುವುದಿಲ್ಲ. ಬರೆದ ವಿಧಾನವನ್ನು ಮನೆಯಲ್ಲಿ ತಮ್ಮನಿಗೋ ತಂಗಿಗೋ ಕೊಟ್ಟು, ನೀವು ಮಾತಾಡದೆ, ಅವರಿಂದ ಮಾಡಿಸಿರಿ. ನಡುವೆ ಅವರು ಏನನ್ನಾದರೂ ಕೇಳಿದರೆ ಅದರ ಉತ್ತರವನ್ನು ವಿಧಾನದಲ್ಲಿ ಸೇರಿಸಿರಿ.