ತಿಳಿಸುವುದೂ ನೆರೆಯವರ ಹಕ್ಕು

ನೆರೆಯವರ ಹಕ್ಕೆಂದರೆ ಹಬ್ಬಕ್ಕೊಂದು ತಟ್ಟೆ ಬಿರಿಯಾನಿ ಕಳಿಸುವುದಷ್ಟೇ ಎಂದುಕೊಂಡಿದ್ದೀರಾ? ಕಾಶ್ಮೀರದ ಚಳಿಗಾಲವನ್ನು ನೋಡಿ. ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಗೆ ಅಲ್ಲಿನವರು 'ಚಿಲ್ಲೆ ಕಲಾನ್' ಎನ್ನುತ್ತಾರೆ. ನಲ್ಲಿಯ ನೀರೂ ಹೆಪ್ಪುಗಟ್ಟುತ್ತದೆ. ಬಾಗಿಲು, ಕಿಟಕಿ ಮುಚ್ಚಿ ಕೆಂಡವನ್ನೋ ಗ್ಯಾಸ್ ಹೀಟರನ್ನೋ ಉರಿಸಿದರೆ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಬಹುದು. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮತ್ತೆ ಏಳದಿರಬಹುದು. 2025ರ ಜನವರಿಯಲ್ಲಿ ಶ್ರೀನಗರದ ಮನೆಯೊಂದರಲ್ಲಿ ಒಂದೇ ಕುಟುಂಬದ ಐವರು ಉಸಿರುಗಟ್ಟಿ ಮೃತಪಟ್ಟರು. ಹೀಟರೇ ಕಾರಣವೆಂದು ಶಂಕಿಸಲಾಯಿತು.

ಇಂಥ ರಾತ್ರಿಯಲ್ಲಿ ತಲೆಸುತ್ತು ಬಂದು, ಹೇಗೋ ಬದುಕಿಕೊಂಡವನು ಅದನ್ನು ಪಕ್ಕದ ಮನೆಯವರಿಗೆ ಹೇಳದೆ ಸುಮ್ಮನಿರಬಹುದೇ? ಜಿಬ್ರೀಲ್(ಅ) ನೆರೆಯವರ ಬಗ್ಗೆ ಎಷ್ಟು ಒತ್ತಿ ಉಪದೇಶಿಸಿದರೆಂದರೆ, ಅವರನ್ನು ಆಸ್ತಿಯಲ್ಲಿ ವಾರೀಸುದಾರರನ್ನಾಗಿ ಮಾಡಿಬಿಡುವರೇನೋ ಎಂದು ಪ್ರವಾದಿ(ಸ)ಯವರಿಗೆ ಅನಿಸಿತ್ತು. ಹಾಗಿರುವಾಗ, ಜೀವ ಉಳಿಸಬಲ್ಲ ಅನುಭವವೂ ನಿಮ್ಮ ಬಳಿಯಿರುವ ಅಮಾನತ್ತು. ಅದನ್ನು ತಲುಪಿಸಲೇಬೇಕು.

ನಮ್ಮಲ್ಲೂ ಬಾಣಂತಿಯ ಕೋಣೆಯಲ್ಲಿ ಕೆಂಡ ಇಡುವುದುಂಟು. ಮಲಗುವ ಮುನ್ನ ಅದನ್ನು ಹೊರಗಿಡಿ, ಕಿಟಕಿ ತುಸು ತೆರೆದಿಡಿ. ತಲೆನೋವು, ವಾಕರಿಕೆ ಬಂದರೆ ಕೂಡಲೇ ಹೊರಬನ್ನಿ. ಚಳಿಯ ಬೆಳಗಿನಲ್ಲಿ ಪಕ್ಕದ ಮನೆಯ ಬಾಗಿಲು ತೆರೆಯದಿದ್ದರೆ, ಅವರು ಯಾವ ಧರ್ಮದವರೇ ಇರಲಿ, ಹೋಗಿ ತಟ್ಟಿ.